ಸೈ-ಫೈ ಎಡವೋ ಬಲವೋ? ಜೋಡಿ ಹಾಕಿ ಓದಿ ನೋಡಿ

ವಿಜ್ಞಾನ ಕಾದಂಬರಿಗಳ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. "ಸೈ-ಫೈ ಬರೆಯೋರೆಲ್ಲ ಎಡಪಂಥೀಯರಾ?" "ಇದೆಲ್ಲ ಅಮೆರಿಕದ ಮಿಲಿಟರಿಯ ತುತ್ತೂರಿ ಅಲ್ವಾ?" "ಈ ಲೇಖಕನ ರಾಜಕೀಯ ನನಗೆ ಆಗಲ್ಲ, ಆದರೂ ಓದಬಹುದಾ?" "ಎಲ್ಲ ಬಗೆಯ ವಿಚಾರದ್ದೂ ಓದಬೇಕು ಅಂತಿದೆ, ಎಲ್ಲಿಂದ ಶುರು ಮಾಡಲಿ?" ಬಿಡಿಬಿಡಿಯಾಗಿ ಉತ್ತರ ಕೊಟ್ಟು ಸಾಕಾಯಿತು. ಅದಕ್ಕೇ ಹಂತ ಹಂತವಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಈಗಲೇ ಹೇಳಿಬಿಡುತ್ತೇನೆ: ಎರಡೂ ಅಲ್ಲ. ಸೈ-ಫೈ ಅಂದರೆ ಎಪ್ಪತ್ತು ವರ್ಷದಿಂದ ನಡೆಯುತ್ತಿರುವ ಜಗಳ. ಒಬ್ಬರು ಒಂದು ಲೋಕ ಕಟ್ಟುತ್ತಾರೆ. ಇನ್ನೊಬ್ಬರು ಅದನ್ನು ಓದಿ, "ಹಾಗಲ್ಲ ಕಣಯ್ಯಾ" ಅಂತ ಮತ್ತೊಂದು ಕಟ್ಟುತ್ತಾರೆ. ಒಂದೇ ಪುಸ್ತಕ ಓದಿದರೆ ಜಗಳದ ಅರ್ಧ ಭಾಗ ಮಾತ್ರ ಕಿವಿಗೆ ಬೀಳುತ್ತದೆ. ಹಾಗಾಗಿ ನಾನು ಹೇಳುವ ದಾರಿ ಒಂದೇ: ಜೋಡಿ ಹಾಕಿ ಓದಿ.

ಏನೇನು ಬೇಕು?

ಒಂದು ನೋಟ್‌ಬುಕ್. ಸುಮಾರು ಆರು ತಿಂಗಳು ಸಮಯ. ಇಂಗ್ಲಿಷ್ ಓದುವ ತಾಳ್ಮೆ, ಯಾಕೆಂದರೆ ಇಲ್ಲಿ ಹೇಳುವ ಬಹುತೇಕ ಪುಸ್ತಕಗಳನ್ನು ಇಂಗ್ಲಿಷಿನಲ್ಲೇ ಓದಬೇಕಾಗುತ್ತದೆ. ಎಲ್ಲವನ್ನೂ ಕೊಳ್ಳಲು ಹೋಗಬೇಡಿ. ಹಳೆಯವು ಬೆಂಗಳೂರಿನ ಚರ್ಚ್ ಸ್ಟ್ರೀಟಿನಂಥ ಕಡೆ ಸೆಕೆಂಡ್ ಹ್ಯಾಂಡ್ ಸಿಗುವುದುಂಟು. ಜೊತೆಗೆ ಓದುವ ಒಬ್ಬ ಗೆಳೆಯನೋ ಗೆಳತಿಯೋ ಇದ್ದರೆ ಒಳ್ಳೆಯದು. ನಿಮ್ಮ ಜೊತೆ ರಾಜಕೀಯದಲ್ಲಿ ಹೊಂದದೇ ಇರುವವರಾದರೆ ಇನ್ನೂ ಒಳ್ಳೆಯದು.

ಹಂತ 1: ಪದಗಳನ್ನು ಸರಿ ಮಾಡಿಕೊಳ್ಳಿ

ಇಲ್ಲೇ ಜಾಸ್ತಿ ಜನ ಎಡವೋದು. ನಮ್ಮ ಊರಿನ ಪಕ್ಷಗಳ ಅಳತೆಗೋಲು ಹಿಡಿದು ಅಮೆರಿಕ, ಬ್ರಿಟನ್ನಿನ ಪುಸ್ತಕ ಅಳೆಯಲು ಹೊರಟರೆ ಲೆಕ್ಕ ತಪ್ಪುತ್ತದೆ. ಈ ಕೆಲವು ಪದ ಗೊತ್ತಿದ್ದರೆ ಸಾಕು.

ಲಿಬರ್ಟೇರಿಯನ್: ಸರ್ಕಾರ ಆದಷ್ಟು ಚಿಕ್ಕದಿರಲಿ, ತೆರಿಗೆ ಬೇಡ, ನನ್ನ ಆಸ್ತಿ ನನ್ನದು, ನನ್ನ ಮನೆಯೊಳಗೆ ನಾನು ಹೇಗಿದ್ದರೂ ನಿಮಗೇನು ಅನ್ನುವವರು. ವ್ಯಾಪಾರದ ವಿಷಯದಲ್ಲಿ ಬಲಪಂಥೀಯರ ಹಾಗೆ ಕಾಣುತ್ತಾರೆ. ಮದುವೆ, ಪ್ರೇಮ, ಗಾಂಜಾ ವಿಷಯ ಬಂದಾಗ ಎಡಪಂಥೀಯರ ಹಾಗೆ. ನಮ್ಮ ರಾಜಕೀಯದಲ್ಲಿ ಇವರಿಗೆ ಸರಿಯಾದ ಜೋಡಿ ಇಲ್ಲ. ಸೈ-ಫೈನಲ್ಲಿ ಮಾತ್ರ ಇವರು ಬೇಕಾದಷ್ಟು.

ಅನಾರ್ಕಿಸ್ಟ್: ಕನ್ನಡದಲ್ಲಿ 'ಅರಾಜಕತಾವಾದಿ' ಅಂದ ಕೂಡಲೇ ಬೆಂಕಿ ಹಚ್ಚುವವರು ಕಣ್ಣಿಗೆ ಬರುತ್ತಾರೆ. ಇಲ್ಲಿ ಆ ಅರ್ಥವಲ್ಲ. ಯಜಮಾನನಿಲ್ಲದೆ, ಸರ್ಕಾರವಿಲ್ಲದೆ, ಜನ ತಾವೇ ಒಪ್ಪಿಕೊಂಡು ಬದುಕಬಹುದು ಅಂತ ನಂಬುವವರು. ಇವರಲ್ಲಿ ಆಸ್ತಿಯೇ ಬೇಡ ಅನ್ನುವವರೂ ಇದ್ದಾರೆ, ಆಸ್ತಿ ಇರಲಿ ಸರ್ಕಾರ ಬೇಡ ಅನ್ನುವವರೂ ಇದ್ದಾರೆ.

ಪೋಸ್ಟ್-ಸ್ಕೇರ್ಸಿಟಿ: ಯಾವುದಕ್ಕೂ ಕೊರತೆಯೇ ಇಲ್ಲದ ಸಮಾಜ. ಎಲ್ಲವನ್ನೂ ಯಂತ್ರಗಳೇ ಮಾಡಿಕೊಡುತ್ತವೆ, ದುಡ್ಡಿನ ಅಗತ್ಯವೇ ಇರುವುದಿಲ್ಲ.

ಮಿಲಿಟರಿ ಸೈ-ಫೈ: ಸೈನಿಕರ ಬದುಕೇ ಕೇಂದ್ರವಾಗಿರುವ ಕಥೆಗಳು. ಇದು ಕಥೆಯ ಜಾತಿಯ ಹೆಸರು, ಸಿದ್ಧಾಂತದ ಹೆಸರಲ್ಲ. ಯುದ್ಧವನ್ನು ದ್ವೇಷಿಸುವ ಮಿಲಿಟರಿ ಸೈ-ಫೈ ಕೂಡ ಇದೆ.

ಹಂತ 2: ನಿಮ್ಮ ಒಲವನ್ನು ಬರೆದಿಡಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಐದು ಸಾಲು ಬರೆಯಿರಿ. ತೆರಿಗೆ, ಸೈನ್ಯ, ಕುಟುಂಬ, ದೇವರು, ಖಾಸಗಿ ಕಂಪನಿ. ಒಂದೊಂದರ ಬಗ್ಗೆ ನಿಮ್ಮ ಮನಸ್ಸಿನಲ್ಲಿ ಇರುವುದನ್ನು ಮುಚ್ಚುಮರೆ ಇಲ್ಲದೆ ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ. ಆಮೇಲೆ ಇದರ ಅಗತ್ಯ ಬೀಳುತ್ತದೆ.

ಹಂತ 3: ನಾಲ್ಕು ಪ್ರಶ್ನೆ ಕಲಿಯಿರಿ

ಕಾದಂಬರಿಯ ರಾಜಕೀಯವನ್ನು ನಾಯಕನ ಭಾಷಣದಲ್ಲಿ ಹುಡುಕಬೇಡಿ. ಲೇಖಕರ ಸಂದರ್ಶನದಲ್ಲೂ ಬೇಡ. ಅದು ಆ ಲೋಕ ನಡೆಯುವ ರೀತಿಯಲ್ಲಿ ಇರುತ್ತದೆ. ನಾನು ಪ್ರತಿ ಪುಸ್ತಕಕ್ಕೂ ಕೇಳುವ ಪ್ರಶ್ನೆಗಳು ಇವು:

ಒಂದು, ನೆಲ, ನೀರು, ಯಂತ್ರ ಯಾರದ್ದು?
ಎರಡು, ತೀರ್ಮಾನ ಮಾಡೋರು ಯಾರು?
ಮೂರು, ಕಕ್ಕಸು ತೊಳೆಯೋರು ಯಾರು?
ನಾಲ್ಕು, ಒಪ್ಪದವರ ಗತಿ ಏನು?

ಮೂರನೆಯದು ಕೇಳಿ ನಗಬೇಡಿ. ಎಷ್ಟೋ ಭವ್ಯ ನಕ್ಷತ್ರ ಸಾಮ್ರಾಜ್ಯಗಳು ಈ ಪ್ರಶ್ನೆಯ ಮುಂದೆ ತಬ್ಬಿಬ್ಬಾಗುತ್ತವೆ.

ಕೈ ಪಳಗಿಸಿಕೊಳ್ಳಲು ಒಂದು ಸಣ್ಣ ಕಥೆ ಕೊಡುತ್ತೇನೆ. ರೋಕೆಯಾ ಸಖಾವತ್ ಹುಸೇನ್ ಅವರ 'ಸುಲ್ತಾನಾಸ್ ಡ್ರೀಮ್'. ಬಂಗಾಳದ ಈ ಲೇಖಕಿ ಇದನ್ನು ಇಂಗ್ಲಿಷಿನಲ್ಲೇ ಬರೆದರು. 1905ರಲ್ಲಿ ಮದರಾಸಿನ 'ದಿ ಇಂಡಿಯನ್ ಲೇಡೀಸ್ ಮ್ಯಾಗಜೀನ್'ನಲ್ಲಿ ಪ್ರಕಟವಾಯಿತು. ಹಕ್ಕುಸ್ವಾಮ್ಯ ಮುಗಿದಿದೆ, ಪುಕ್ಕಟೆ ಸಿಗುತ್ತದೆ, ಒಂದು ಗಂಟೆಯೊಳಗೆ ಓದಿ ಮುಗಿಸಬಹುದು.

ಅದರಲ್ಲಿ 'ಲೇಡಿಲ್ಯಾಂಡ್' ಅಂತ ಒಂದು ದೇಶ. ಅಲ್ಲಿ ಪರದೆಯೊಳಗೆ ಇರುವುದು ಗಂಡಸರು. ಅಡುಗೆ ಆಗುವುದು ಸೂರ್ಯನ ಶಾಖದಿಂದ. ನೀರನ್ನು ಮೋಡದಿಂದಲೇ ಇಳಿಸಿಕೊಳ್ಳುತ್ತಾರೆ. ದಂಡೆತ್ತಿ ಬಂದ ಶತ್ರುವಿನ ಮೇಲೆ ಬಿಸಿಲನ್ನೇ ತಿರುಗಿಸಿ ಓಡಿಸುತ್ತಾರೆ. ಈಗ ನಾಲ್ಕು ಪ್ರಶ್ನೆ ಹಾಕಿ. ತೀರ್ಮಾನ ರಾಣಿಯದು, ಅಂದರೆ ಪ್ರಜಾಪ್ರಭುತ್ವ ಅಲ್ಲ. ಮನೆಗೆಲಸ ಗಂಡಸರದು. ಸುಳ್ಳು ಹೇಳಿದವರಿಗೆ ದೇಶ ಬಿಟ್ಟು ಹೋಗು ಅಂತ ಹೇಳಲಾಗುತ್ತದೆ. ಸ್ತ್ರೀವಾದಿ ಕಥೆ ಅನ್ನುವ ಒಂದೇ ಚೀಟಿ ಅಂಟಿಸಿ ಮುಂದೆ ಹೋಗಿದ್ದರೆ ರಾಣಿಯೂ ಗಡೀಪಾರೂ ಕಣ್ಣಿಗೆ ಬೀಳುತ್ತಿರಲಿಲ್ಲ. ವ್ಯಂಗ್ಯ ಎಷ್ಟು, ಕನಸು ಎಷ್ಟು ಅನ್ನೋದನ್ನು ನೀವೇ ತೂಗಿ ನೋಡಿ.

ಹಂತ 4: ಮೊದಲ ಜೋಡಿ, ಇಬ್ಬರು ಸೈನಿಕರು

ಓದಬೇಕಾದವು: ರಾಬರ್ಟ್ ಹೈನ್‌ಲೈನ್ ಅವರ 'ಸ್ಟಾರ್‌ಶಿಪ್ ಟ್ರೂಪರ್ಸ್' (1959), ಜೋ ಹಾಲ್ಡಮನ್ ಅವರ 'ದ ಫಾರೆವರ್ ವಾರ್' (1974). ಇದೇ ಕ್ರಮದಲ್ಲಿ ಓದಿ, ಹಿಂದುಮುಂದು ಮಾಡಬೇಡಿ.

ಹೈನ್‌ಲೈನ್ ಅವರ ಲೋಕದಲ್ಲಿ ವೋಟು ಹುಟ್ಟಿನಿಂದ ಬರುವ ಹಕ್ಕಲ್ಲ. ಸ್ವಇಚ್ಛೆಯಿಂದ ಸರ್ಕಾರಿ ಸೇವೆಗೆ ಸೇರಿ, ಅವಧಿ ಮುಗಿಸಿ ಹೊರಬಂದವರಿಗೆ ಮಾತ್ರ ವೋಟು. ಆ ಸೇವೆ ಅಂದರೆ ಸೈನ್ಯ ಮಾತ್ರವಾ, ಬೇರೆ ಕೆಲಸವೂ ಸೇರುತ್ತದಾ ಅನ್ನುವ ವಾದ ಇವತ್ತಿಗೂ ನಿಂತಿಲ್ಲ. ಪುಸ್ತಕದ ಅರ್ಧ ಭಾಗ ತರಗತಿಯ ಪಾಠದ ಹಾಗಿದೆ, ಬೇಜಾರಾದರೂ ಬಿಡದೆ ಓದಿ. ಒಂದು ವಿಷಯ ಗಮನಿಸಿ: ನಾಯಕ ಜುವಾನ್ ರಿಕೋನ ಮನೆಮಾತು ಫಿಲಿಪ್ಪೀನ್ಸಿನ ಟಗಾಲೊಗ್. ಅದು ಗೊತ್ತಾಗುವುದು ಕೊನೆ ಹತ್ತಿರ ಬಂದ ಮೇಲೆ, ಅದೂ ಸುಮ್ನೆ ಮಾತಿನ ನಡುವೆ. 1959ರ ಅಮೆರಿಕದಲ್ಲಿ ಇದು ಸಣ್ಣ ವಿಷಯವಲ್ಲ. ಫ್ಯಾಸಿಸ್ಟ್ ಪುಸ್ತಕ ಅಂತ ಬೈಯುವವರೂ ಈ ಸಾಲಿಗೆ ಲೆಕ್ಕ ಕೊಡಬೇಕು.

ಹಾಲ್ಡಮನ್ ವಿಯೆಟ್ನಾಂ ಯುದ್ಧಕ್ಕೆ ಕಡ್ಡಾಯ ಸೇರ್ಪಡೆಯಾಗಿ ಹೋಗಿ ಗಾಯಗೊಂಡು ಬಂದವರು. ಅವರ ಸೈನಿಕ ಬೆಳಕಿನ ವೇಗದ ಹತ್ತಿರ ಹತ್ತಿರ ಪಯಣ ಮಾಡುತ್ತಾನೆ. ಅವನಿಗೆ ಕೆಲವೇ ತಿಂಗಳು ಕಳೆದಿರುತ್ತವೆ, ಅಷ್ಟರಲ್ಲಿ ಭೂಮಿಯಲ್ಲಿ ತಲೆಮಾರುಗಳೇ ದಾಟಿರುತ್ತವೆ. ಮನೆಗೆ ಬಂದರೆ ಅದು ಅವನ ಮನೆಯೇ ಅಲ್ಲ. ವೇಗ ಹೆಚ್ಚಿದಷ್ಟೂ ಕಾಲ ನಿಧಾನವಾಗುತ್ತದೆ ಅನ್ನುವ ಐನ್‌ಸ್ಟೈನ್ ಸೂತ್ರವನ್ನು ಯುದ್ಧದಿಂದ ಮರಳಿದವನ ಒಂಟಿತನ ಹೇಳಲು ಹೀಗೆ ಬಳಸಿದ್ದು ನನ್ನ ಪ್ರಕಾರ ಸೈ-ಫೈ ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದು. ಇದಕ್ಕೆ ಹ್ಯೂಗೊ, ನೆಬ್ಯುಲಾ ಎರಡೂ ಬಂದವು. ಹೈನ್‌ಲೈನ್ ಪುಸ್ತಕಕ್ಕೂ 1960ರಲ್ಲಿ ಹ್ಯೂಗೊ ಬಂದಿತ್ತು. (ಹ್ಯೂಗೊ ಅಂದರೆ ಸೈ-ಫೈ ಅಭಿಮಾನಿಗಳೇ ವೋಟು ಹಾಕಿ ಕೊಡುವ ಪ್ರಶಸ್ತಿ. ನೆಬ್ಯುಲಾ ಬರಹಗಾರರ ಸಂಘದ್ದು.)

ಎಚ್ಚರಿಕೆ: 1997ರ ಸಿನಿಮಾ ನೋಡಿ 'ಸ್ಟಾರ್‌ಶಿಪ್ ಟ್ರೂಪರ್ಸ್' ಗೊತ್ತು ಅನ್ನಬೇಡಿ. ನಿರ್ದೇಶಕ ಪಾಲ್ ವರ್‌ಹೂವೆನ್ ಆ ಕಥೆಯನ್ನೇ ಗೇಲಿ ಮಾಡಲು ಸಿನಿಮಾ ತೆಗೆದರು. ಪುಸ್ತಕ ಹೇಳುವುದು ಒಂದು, ಸಿನಿಮಾ ಹೇಳುವುದು ಅದರ ತಿರುಗುಮುರುಗು.

ಇನ್ನೊಂದು ಎಚ್ಚರಿಕೆ: ಇದನ್ನು ಓದಿ ಹೈನ್‌ಲೈನ್ ಅಂದರೆ ಮಿಲಿಟರಿ ಮನುಷ್ಯ ಅಂತ ತೀರ್ಮಾನಿಸಬೇಡಿ. ಎರಡೇ ವರ್ಷದಲ್ಲಿ, 1961ರಲ್ಲಿ, ಅವರು ಬರೆದ 'ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್' ಹಿಪ್ಪಿಗಳ ಕೈಪಿಡಿ ಆಗಿಹೋಯಿತು.

ಹಂತ 5: ಎರಡನೇ ಜೋಡಿ, ಸರ್ಕಾರವಿಲ್ಲದ ಎರಡು ಚಂದ್ರ

ನನಗೆ ತುಂಬಾ ಇಷ್ಟದ ಜೋಡಿ ಇದು. ಮತ್ತೆ ಹೈನ್‌ಲೈನ್, 'ದ ಮೂನ್ ಈಸ್ ಎ ಹಾರ್ಶ್ ಮಿಸ್ಟ್ರೆಸ್' (1966). ಅದರ ಎದುರು ಅರ್ಸುಲಾ ಲೆ ಗ್ವಿನ್ ಅವರ 'ದ ಡಿಸ್ಪೊಸೆಸ್ಡ್' (1974).

ಹೈನ್‌ಲೈನ್ ಅವರ ಚಂದ್ರ ಭೂಮಿಯವರ ಕಾರಾಗೃಹ. ಕೈದಿಗಳು, ಅವರ ಮಕ್ಕಳು ಅಲ್ಲಿ ಸುರಂಗಗಳಲ್ಲಿ ಗೋಧಿ ಬೆಳೆದು ಭೂಮಿಗೆ ಕಳಿಸುತ್ತಾರೆ. ಬೆಲೆ ನಿಗದಿ ಮಾಡುವುದು ಮೇಲಿನ ಅಧಿಕಾರಿಗಳು. ಕೊನೆಗೆ ಒಬ್ಬ ಕಂಪ್ಯೂಟರ್ ರಿಪೇರಿಯವನು, ಒಬ್ಬ ಮುದಿ ಪ್ರೊಫೆಸರ್, ಒಬ್ಬಾಕೆ ಹೋರಾಟಗಾರ್ತಿ ಮತ್ತು ತಮಾಷೆ ಪ್ರೀತಿಸುವ ಒಂದು ಕಂಪ್ಯೂಟರ್ ಸೇರಿ ಬಂಡಾಯ ಹೂಡುತ್ತಾರೆ. ತೆರಿಗೆ ಬೇಡ, ಕಾನೂನು ಬೇಡ, ಒಪ್ಪಂದವೇ ಸಾಕು ಅನ್ನುವ ವಾದ ಇಷ್ಟು ರುಚಿಯಾಗಿ ಬೇರೆಲ್ಲೂ ಸಿಗುವುದು ಕಷ್ಟ.

ನಮ್ಮವರು ಗಮನಿಸಬೇಕಾದ್ದು ಒಂದಿದೆ. ಆ ಗೋಧಿ ಹೋಗುವುದು ಭಾರತದ ಕಡೆಗೆ. ಪುಸ್ತಕ ಬಂದ ಕಾಲ ನೆನಪಿಸಿಕೊಳ್ಳಿ. ಪಿಎಲ್ 480 ಯೋಜನೆಯಲ್ಲಿ ಅಮೆರಿಕದ ಗೋಧಿ ಹಡಗು ಬಂದರೆ ಮಾತ್ರ ರೇಷನ್ ಅನ್ನುವ ಸ್ಥಿತಿ ಇಲ್ಲಿತ್ತು. ಬಂಡಾಯಗಾರರ ಲೆಕ್ಕದಲ್ಲಿ ಹಸಿದ ಭಾರತ ಒಂದು ಮಾರುಕಟ್ಟೆ, ಒಂದು ಒತ್ತಡದ ಬಿಂದು. ಅಮೆರಿಕದ ಓದುಗ ಸ್ವಾತಂತ್ರ್ಯದ ಕಥೆ ಓದುತ್ತಾನೆ. ನಾವು ಅದೇ ಪುಟಗಳಲ್ಲಿ ರೇಷನ್ ಕ್ಯೂ ನೋಡುತ್ತೇವೆ. ಎರಡೂ ಪುಸ್ತಕದಲ್ಲೇ ಇವೆ.

ಲೆ ಗ್ವಿನ್ ಅವರ ಚಂದ್ರದ ಹೆಸರು ಅನಾರೆಸ್. ಒಣ ನೆಲ, ಬಡ ಬದುಕು. ಅಲ್ಲಿ ದುಡ್ಡಿಲ್ಲ, ಆಸ್ತಿಯಿಲ್ಲ, ಜೈಲಿಲ್ಲ, ಸರ್ಕಾರವಿಲ್ಲ. ಕೆಲಸ ಹಂಚುವುದು ಒಂದು ಕಂಪ್ಯೂಟರ್ ಕಚೇರಿ, ಆದರೆ ಬೇಡ ಅಂದರೆ ಒತ್ತಾಯವಿಲ್ಲ. ನಮ್ಮ ಮೂರನೇ ಪ್ರಶ್ನೆಗೆ ಇಲ್ಲಿ ನೇರ ಉತ್ತರವಿದೆ: ಯಾರೂ ಇಷ್ಟಪಡದ ಕೆಲಸ ಸರದಿಯ ಮೇಲೆ ಎಲ್ಲರಿಗೂ ಬರುತ್ತದೆ, ಹತ್ತು ದಿನಕ್ಕೊಂದು ದಿನ. ನಾಲ್ಕನೇ ಪ್ರಶ್ನೆಗೆ ಬಂದಾಗ ಮಾತ್ರ ಲೇಖಕಿ ತಮ್ಮ ಕನಸನ್ನೇ ಗೀರಿ ನೋಡುತ್ತಾರೆ. ಕಾನೂನಿಲ್ಲ ನಿಜ. ಆದರೆ ನಾಲ್ಕು ಜನ ಏನಂತಾರೋ ಅನ್ನುವ ಭಯ ಇದೆ. ಭೌತಶಾಸ್ತ್ರಜ್ಞ ಶೆವೆಕ್‌ನ ಕೆಲಸಕ್ಕೆ ಅಡ್ಡ ಬರುವುದು ಪೊಲೀಸರಲ್ಲ, ಅಸೂಯೆಯ ಹಿರಿಯ ಸಹೋದ್ಯೋಗಿ ಮತ್ತು ಅಕ್ಕಪಕ್ಕದವರ ನೋಟ. ಅಗ್ರಹಾರವೋ ಕೇರಿಯೋ, ಸಣ್ಣ ಊರಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಜೋಡಿಯ ಕೊನೆಗೆ ಒಂದು ತಮಾಷೆ ಇದೆ. ಅಮೆರಿಕದ ಲಿಬರ್ಟೇರಿಯನ್ನರು ಪ್ರೊಮಿಥಿಯಸ್ ಅನ್ನುವ ಪ್ರಶಸ್ತಿ ಕೊಡುತ್ತಾರೆ. ಅವರ ಗೌರವ ಪಟ್ಟಿಗೆ 1983ರಲ್ಲಿ ಹೈನ್‌ಲೈನ್ ಅವರ ಚಂದ್ರ ಸೇರಿತು. ಹತ್ತು ವರ್ಷದ ಮೇಲೆ, 1993ರಲ್ಲಿ, ಆಸ್ತಿಯೇ ಇಲ್ಲದ ಲೆ ಗ್ವಿನ್ ಅವರ ಚಂದ್ರವೂ ಸೇರಿತು. ಮುಂದೆ 1996ರಲ್ಲಿ ಅದೇ ಪ್ರಶಸ್ತಿ ಸ್ಕಾಟ್ಲೆಂಡಿನ ಕೆನ್ ಮೆಕ್ಲೌಡ್ ಅವರ 'ದ ಸ್ಟಾರ್ ಫ್ರಾಕ್ಷನ್'ಗೆ ಬಂತು. ಟ್ರಾಟ್‌ಸ್ಕಿವಾದಿಗಳ, ಅಂದರೆ ರಷ್ಯಾದ ಕ್ರಾಂತಿಕಾರಿ ಟ್ರಾಟ್‌ಸ್ಕಿಯ ಹಾದಿ ಹಿಡಿದ ಕಮ್ಯುನಿಸ್ಟರ, ಒಳಜಗಳವೇ ಅದರ ಜೀವಾಳ. ಚೀಟಿ ನೋಡಿ ಪುಸ್ತಕ ಆರಿಸುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು.

ಹಂತ 6: ಮೂರನೇ ಜೋಡಿ, ಆಕಾಶಕ್ಕೆ ಗಂಧಕ

ಈಗ ನಮ್ಮ ಕಾಲಕ್ಕೆ ಬನ್ನಿ. ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಅವರ 'ದ ಮಿನಿಸ್ಟ್ರಿ ಫಾರ್ ದ ಫ್ಯೂಚರ್' (2020), ನೀಲ್ ಸ್ಟೀಫನ್ಸನ್ ಅವರ 'ಟರ್ಮಿನೇಷನ್ ಶಾಕ್' (2021). ಒಂದೇ ವರ್ಷದ ಅಂತರ. ಎರಡರ ನಡುವೆಯೂ ಒಂದೇ ತಂತ್ರಜ್ಞಾನ: ವಾಯುಮಂಡಲದ ಮೇಲುಪದರಕ್ಕೆ ಗಂಧಕ ಸೇರಿಸಿ, ಬಿಸಿಲನ್ನು ಸ್ವಲ್ಪ ವಾಪಸ್ ಕಳಿಸಿ, ಭೂಮಿಯನ್ನು ತಣ್ಣಗೆ ಮಾಡುವುದು. ದೊಡ್ಡ ಜ್ವಾಲಾಮುಖಿ ಸಿಡಿದಾಗ ಇದು ತಾನಾಗಿಯೇ ಆಗುತ್ತದೆ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಸಿಡಿದ ಮೇಲೆ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಇಳಿದಿತ್ತು.

ರಾಬಿನ್ಸನ್ ಎಡ ಒಲವಿನ ಲೇಖಕ, ಅದನ್ನು ಮುಚ್ಚಿಡುವುದೂ ಇಲ್ಲ. ಅವರ ಕಾದಂಬರಿ ಉತ್ತರ ಪ್ರದೇಶದ ಬಿಸಿಗಾಳಿಯಿಂದ ಶುರುವಾಗುತ್ತದೆ. ಕರೆಂಟ್ ಹೋಗುತ್ತದೆ. ಜನ ಕೆರೆಗಿಳಿಯುತ್ತಾರೆ, ಕೆರೆಯ ನೀರೂ ಬಿಸಿ. ಮೊದಲ ಅಧ್ಯಾಯವನ್ನು ರಾತ್ರಿ ಮಲಗುವ ಮುಂಚೆ ಓದಬೇಡಿ. ಆಮೇಲೆ ಭಾರತ ಸರ್ಕಾರ ಯಾರ ಅಪ್ಪಣೆಗೂ ಕಾಯದೆ ವಿಮಾನಗಳಿಂದ ಆಕಾಶಕ್ಕೆ ಗಂಧಕದ ಸಂಯುಕ್ತ ಚೆಲ್ಲುತ್ತದೆ. ಉಳಿದ ಪುಸ್ತಕದಲ್ಲಿ ಸಂಸ್ಥೆಗಳು, ಕೇಂದ್ರ ಬ್ಯಾಂಕುಗಳು, ಸಭೆಗಳು, ಹೊಸ ಬಗೆಯ ಹಣ. ಜೊತೆಗೆ ಗುಟ್ಟಾಗಿ ನಡೆಯುವ ಹಿಂಸೆಯೂ ಇದೆ. ಅದನ್ನು ಪುಸ್ತಕ ಖಂಡಿಸುತ್ತದಾ, ಒಪ್ಪುತ್ತದಾ ಅಂತ ಕೇಳಿಕೊಳ್ಳಿ. ನನಗಂತೂ ಲೇಖಕರು ಇಲ್ಲಿ ಜಾಣತನದಿಂದ ಜಾರಿಕೊಂಡರು ಅನ್ನಿಸಿತು.

ಸ್ಟೀಫನ್ಸನ್ ಅವರಲ್ಲಿ ಅದೇ ಕೆಲಸವನ್ನು ಮಾಡುವವನು ಟೆಕ್ಸಸ್‌ನ ಒಬ್ಬ ಕೋಟ್ಯಧಿಪತಿ. ತನ್ನ ಜಮೀನಿನಲ್ಲಿ ದೊಡ್ಡ ಫಿರಂಗಿ ಕಟ್ಟಿಸಿ ಗಂಧಕದ ಗುಂಡು ಹಾರಿಸುತ್ತಾನೆ. ಸಭೆ ಇಲ್ಲ, ಅನುಮತಿ ಇಲ್ಲ. ಕೆಲಸ ಆಗಬೇಕು, ಆಗುತ್ತದೆ, ಅಷ್ಟೇ. ಆದರೆ ಒಂದು ಕಡೆ ತಣ್ಣಗಾದರೆ ಇನ್ನೊಂದು ಕಡೆ ಮಳೆ ತಪ್ಪಬಹುದಲ್ಲ? ಪಂಜಾಬಿನ ಮುಂಗಾರಿನ ಗತಿ ಏನು? ಆ ದಾರಿಯಲ್ಲೇ ಕೆನಡಾದ ಒಬ್ಬ ಸಿಖ್ ಯುವಕ ಕಥೆಯೊಳಗೆ ಬರುತ್ತಾನೆ. ಮುಂದಿನದು ಹೇಳುವುದಿಲ್ಲ.

ಎರಡನೇ ಪ್ರಶ್ನೆಯನ್ನು ಎರಡಕ್ಕೂ ಹಾಕಿ. ಮೊದಲನೆಯದರಲ್ಲಿ ಗುಂಡಿ ಒತ್ತುವುದು ಸರ್ಕಾರ, ಎರಡನೆಯದರಲ್ಲಿ ಹಣವಂತ. ಯಾರ ಕೈಯಲ್ಲಿದ್ದರೆ ನಿಮಗೆ ನೆಮ್ಮದಿ? ಈಗ ಹಂತ 2ರಲ್ಲಿ ಬರೆದ ಪುಟ ತೆಗೆದು ನೋಡಿ. ನಿಮ್ಮ ಉತ್ತರ ಅದಕ್ಕೆ ಹೊಂದದಿದ್ದರೆ ಒಳ್ಳೆಯ ಸೂಚನೆ, ಕೂತು ಬರೆಯಿರಿ.

ಹಂತ 7: ಉಳಿದ ಕಪಾಟು

ಎಲ್ಲವನ್ನೂ ಜೋಡಿ ಹಾಕಲು ಆಗುವುದಿಲ್ಲ. ಸಣ್ಣ ಸಣ್ಣ ಟಿಪ್ಪಣಿ ಕೊಡುತ್ತೇನೆ, ಆರಿಸಿಕೊಳ್ಳಿ.

ಕೊರತೆಯಿಲ್ಲದ ಸಮಾಜ ಹೇಗಿರುತ್ತದೆ ಅಂತ ನೋಡಲು ಇಯಾನ್ ಎಂ. ಬ್ಯಾಂಕ್ಸ್ ಅವರ 'ದ ಪ್ಲೇಯರ್ ಆಫ್ ಗೇಮ್ಸ್' (1988). ಅಲ್ಲಿ ದುಡ್ಡಿಲ್ಲ, ದೊಡ್ಡ ಕೃತಕ ಬುದ್ಧಿಗಳೇ ಎಲ್ಲ ನಡೆಸುತ್ತವೆ. ಅದರೆದುರು ವರ್ನರ್ ವಿಂಜ್ ಅವರ 'ಎ ಡೀಪ್‌ನೆಸ್ ಇನ್ ದ ಸ್ಕೈ' (1999). ಅದರ ನಾಯಕರು ನಕ್ಷತ್ರಗಳ ನಡುವೆ ವ್ಯಾಪಾರ ಮಾಡುವವರು. ಖಳರು ಜನರ ಮಿದುಳನ್ನೇ ಜೀತಕ್ಕಿಡುವ ಒಂದು ಪ್ರಭುತ್ವ. ಇದಕ್ಕೆ ಹ್ಯೂಗೊವೂ ಬಂತು, ಪ್ರೊಮಿಥಿಯಸ್ಸೂ ಬಂತು.

ಚುನಾವಣೆಯ ಗೀಳು ಇರುವವರಿಗೆ ಮಾಲ್ಕಾ ಓಲ್ಡರ್ ಅವರ 'ಇನ್ಫೊಮಾಕ್ರಸಿ' (2016). ದೇಶಗಳು ಹೋಗಿ, ಲಕ್ಷ ಜನಕ್ಕೊಂದು ಘಟಕ, ಒಂದೊಂದು ಘಟಕವೂ ತನಗೆ ಬೇಕಾದ ಸರ್ಕಾರ ಆರಿಸಿಕೊಳ್ಳುತ್ತದೆ. ಬೀದಿ ದಾಟಿದರೆ ಕಾನೂನೇ ಬೇರೆ.

ಆಕ್ಟೇವಿಯಾ ಬಟ್ಲರ್ ಅವರ 'ಪ್ಯಾರಬಲ್ ಆಫ್ ದ ಸೋವರ್' (1993), 'ಪ್ಯಾರಬಲ್ ಆಫ್ ದ ಟ್ಯಾಲೆಂಟ್ಸ್' (1998) ಒಟ್ಟಿಗೇ ಓದಿ. ಎರಡನೆಯದರಲ್ಲಿ ಅಮೆರಿಕವನ್ನು ಮತ್ತೆ ಮಹಾನ್ ಮಾಡೋಣ ಅನ್ನುವ ಘೋಷಣೆಯ ರಾಜಕಾರಣಿ ಬರುತ್ತಾನೆ. ಟ್ರಂಪ್ ಬರುವುದನ್ನು ಮೊದಲೇ ಭವಿಷ್ಯ ನುಡಿದರು ಅಂತ ಬೆರಗಾಗಬೇಡಿ. ರೇಗನ್ 1980ರಲ್ಲೇ ಆ ಘೋಷಣೆ ಬಳಸಿದ್ದರು, ಬಟ್ಲರ್ ಅದನ್ನು ಮರೆತಿರಲಿಲ್ಲ.

ಲಿಯು ಸಿಶಿನ್ ಅವರ 'ದ ತ್ರೀ-ಬಾಡಿ ಪ್ರಾಬ್ಲಮ್' ಓದುವಾಗ ಒಂದು ವಿಷಯ ತಿಳಿದಿರಲಿ. ಇಂಗ್ಲಿಷ್ ಅನುವಾದ ಮಾವೋ ಕಾಲದ ಚೀನಾದ ಸಾಂಸ್ಕೃತಿಕ ಕ್ರಾಂತಿಯ ಕ್ರೌರ್ಯದಿಂದ ಶುರುವಾಗುತ್ತದೆ. 2008ರ ಚೀನೀ ಪುಸ್ತಕದಲ್ಲಿ ಅದೇ ಭಾಗ ಒಳಗೆಲ್ಲೋ ಹೋಗಿ ಕೂತಿತ್ತು. ಅಧ್ಯಾಯ ಎಲ್ಲಿ ಇಟ್ಟರು ಅನ್ನೋದೂ ರಾಜಕೀಯವೇ. ಲೇಖಕರನ್ನು ಚೀನಾದ ಕಮ್ಯುನಿಸ್ಟ್ ಪಕ್ಷದ ವಕ್ತಾರ ಅಂತಲೋ, ಗುಟ್ಟಿನ ಬಂಡಾಯಗಾರ ಅಂತಲೋ ಮಾಡಲು ಹೋಗಬೇಡಿ. ಎರಡಕ್ಕೂ ಪುಸ್ತಕ ಬಗ್ಗುವುದಿಲ್ಲ.

ಬೇನ್ ಬುಕ್ಸ್ ಅನ್ನುವ ಅಮೆರಿಕದ ಪ್ರಕಾಶನಕ್ಕೆ ಬಲಪಂಥೀಯರ ಅಡ್ಡೆ ಅನ್ನುವ ಹೆಸರಿದೆ. ಅಲ್ಲೇ 2000ದಲ್ಲಿ ಬಂದದ್ದು ಎರಿಕ್ ಫ್ಲಿಂಟ್ ಅವರ '1632'. ವೆಸ್ಟ್ ವರ್ಜೀನಿಯಾದ ಗಣಿ ಕಾರ್ಮಿಕರ ಒಂದು ಊರೇ ಎದ್ದು 17ನೇ ಶತಮಾನದ ಜರ್ಮನಿಗೆ ಹೋಗಿ ಬೀಳುತ್ತದೆ. ಊರಿಗೆ ದಿಕ್ಕಾಗುವುದು ಕಾರ್ಮಿಕ ಸಂಘದವರು. ಫ್ಲಿಂಟ್ ಸ್ವತಃ ಸಮಾಜವಾದಿ, ಯೂನಿಯನ್ ಕೆಲಸ ಮಾಡಿದವರು. ಬಂದೂಕು ಪ್ರೀತಿಸುವ ಓದುಗರೂ ಇದನ್ನು ಮೆಚ್ಚಿ ಓದಿದರು.

ನಮ್ಮ ಕಡೆಯವು ಮೂರು. ಲಾವಣ್ಯ ಲಕ್ಷ್ಮೀನಾರಾಯಣ್ ಅವರ 'ಅನಲಾಗ್/ವರ್ಚುಯಲ್' (2020) ಹೊರದೇಶದಲ್ಲಿ 'ದ ಟೆನ್ ಪರ್ಸೆಂಟ್ ಥೀಫ್' ಹೆಸರಿನಲ್ಲಿ ಬಂತು. ಊರು ಬೆಂಗಳೂರೇ, ಹೆಸರು ಮಾತ್ರ ಅಪೆಕ್ಸ್ ಸಿಟಿ. ಒಂದು ಕಂಪನಿ ಎಲ್ಲರ ಉತ್ಪಾದಕತೆ ಅಳೆದು ಮೇಲೆ, ಮಧ್ಯೆ, ಕೆಳಗೆ ಅಂತ ವಿಂಗಡಿಸುತ್ತದೆ. ಕೆಳಗಿನ ಹತ್ತು ಪರ್ಸೆಂಟಿಗೆ ಊರಾಚೆ ಜಾಗ. ಅಪ್ರೈಸಲ್ ಸೀಸನ್ನಿನಲ್ಲಿ ಓದಿದರೆ ಇನ್ನೂ ಚುರುಕಾಗಿ ತಟ್ಟುತ್ತದೆ. ಪ್ರಯಾಗ್ ಅಕ್ಬರ್ ಅವರ 'ಲೈಲಾ' (2017) ಸಮುದಾಯಕ್ಕೊಂದು ಗೋಡೆ ಎದ್ದಿರುವ ನಗರದಲ್ಲಿ ಮಗಳನ್ನು ಹುಡುಕುವ ತಾಯಿಯ ಕಥೆ.

ಮೂರನೆಯದು ಎಸ್.ಎಲ್. ಭೈರಪ್ಪನವರ 'ಯಾನ' (2014). ಭೈರಪ್ಪ ಅಂದ ಕೂಡಲೇ ಓದುವ ಮೊದಲೇ ಪರ–ವಿರೋಧ ತೀರ್ಮಾನ ಮಾಡಿಕೊಂಡವರು ಕನ್ನಡದಲ್ಲಿ ಬೇಕಾದಷ್ಟು ಜನ. ಆ ತೀರ್ಮಾನ ಪಕ್ಕಕ್ಕಿಡಿ. ಮರಳಿ ಬಾರದ ಅಂತರಿಕ್ಷಯಾನಕ್ಕೆ ಹೊರಟ ಗಂಡು–ಹೆಣ್ಣು, ಅಲ್ಲೇ ಹುಟ್ಟುವ ಮಕ್ಕಳು. ಸಮಾಜವೇ ಇಲ್ಲದ ಕಡೆ ಮದುವೆ, ಸಂಬಂಧ, ಕಟ್ಟುಪಾಡು ಅಂದರೆ ಏನು? ಇದಕ್ಕೆ ಜೋಡಿಯಾಗಿ ಲೆ ಗ್ವಿನ್ ಅವರ 'ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' (1969) ಇಟ್ಟುಕೊಳ್ಳಿ. ಅಲ್ಲಿ ಯಾರೂ ಸದಾ ಗಂಡೂ ಅಲ್ಲ, ಸದಾ ಹೆಣ್ಣೂ ಅಲ್ಲ. ರಾಜನೇ ಬಸುರಾಗಬಹುದು. ಈ ಎರಡನ್ನು ಒಂದೇ ಕಪಾಟಿನಲ್ಲಿ ಇಡುವವರು ಕಡಿಮೆ. ಇಟ್ಟು ನೋಡಿ, ಕುಟುಂಬ ಅನ್ನೋದು ಪ್ರಕೃತಿಯಾ ಪದ್ಧತಿಯಾ ಅನ್ನುವ ಒಂದೇ ಪ್ರಶ್ನೆಯ ಎರಡು ತುದಿ ಹಿಡಿದು ಎಳೆಯುತ್ತಿರುತ್ತವೆ.

ಹಂತ 8: ಪ್ರಶಸ್ತಿ ಜಗಳಗಳನ್ನು ನಿಧಾನವಾಗಿ ಓದಿ

ಹುಡುಕುತ್ತಾ ಹೋದರೆ ನಿಮಗೆ ಪುಸ್ತಕಕ್ಕಿಂತ ಮೊದಲು ಜಗಳವೇ ಸಿಗುತ್ತದೆ. ಹಿನ್ನೆಲೆ ಗೊತ್ತಿರಲಿ.

1968ರ ಜೂನ್‌ನಲ್ಲಿ 'ಗ್ಯಾಲಕ್ಸಿ' ಪತ್ರಿಕೆಯಲ್ಲಿ ಎರಡು ಜಾಹೀರಾತು ಬಂದವು. ಅಮೆರಿಕ ವಿಯೆಟ್ನಾಂನಲ್ಲಿ ಇರಬೇಕು ಅಂತ ಒಂದಕ್ಕೆ ಹೈನ್‌ಲೈನ್, ಲ್ಯಾರಿ ನಿವೆನ್ ಮುಂತಾದವರು ಸಹಿ ಹಾಕಿದ್ದರು. ಯುದ್ಧ ಬೇಡ ಅನ್ನುವ ಇನ್ನೊಂದಕ್ಕೆ ಅಸಿಮೊವ್, ಬ್ರಾಡ್‌ಬರಿ, ಲೆ ಗ್ವಿನ್. ಎರಡು ಗುಂಪೂ ಆ ಪತ್ರಿಕೆಯ ಓದುಗರಿಗೇ ಬರೆಯುತ್ತಿದ್ದವರು.

2013ರಲ್ಲಿ ಲೇಖಕ ಲ್ಯಾರಿ ಕೊರಿಯಾ 'ಸ್ಯಾಡ್ ಪಪ್ಪೀಸ್' ಅನ್ನುವ ಅಭಿಯಾನ ಶುರು ಮಾಡಿದರು. ಹ್ಯೂಗೊ ಒಂದು ಸಣ್ಣ, ಎಡ ಒಲವಿನ ಗುಂಪಿನ ಕೈಯಲ್ಲಿದೆ, ಸಾಮಾನ್ಯ ಓದುಗರು ಮೆಚ್ಚುವ ಸಾಹಸ ಕಥೆಗಳಿಗೆ ಅಲ್ಲಿ ಜಾಗವಿಲ್ಲ ಅನ್ನೋದು ಅವರ ದೂರು. 2015ರಲ್ಲಿ ಇನ್ನೂ ಉಗ್ರವಾದ 'ರ‍್ಯಾಬಿಡ್ ಪಪ್ಪೀಸ್' ಗುಂಪೂ ಸೇರಿತು. ಒಟ್ಟಾಗಿ ಒಂದೇ ಪಟ್ಟಿಗೆ ವೋಟು ಹಾಕಿ ನಾಮನಿರ್ದೇಶನ ತುಂಬಿದರು. ಎದುರಾಳಿಗಳು ಐದು ವಿಭಾಗಗಳಲ್ಲಿ 'ಪ್ರಶಸ್ತಿ ಯಾರಿಗೂ ಇಲ್ಲ' ಅಂತಲೇ ಗೆಲ್ಲಿಸಿದರು. ಆ ವರ್ಷ ಮಾರ್ಕೊ ಕ್ಲೂಸ್ ಅನ್ನುವ ಲೇಖಕರು ಆ ಪಟ್ಟಿಯ ಬಲದಿಂದ ಬಂದ ಜಾಗ ಬೇಡ ಅಂತ ತಮ್ಮ ಕಾದಂಬರಿಯನ್ನು ಹಿಂದಕ್ಕೆ ಪಡೆದರು. ತೆರವಾದ ಜಾಗಕ್ಕೆ ಬಂದದ್ದು 'ದ ತ್ರೀ-ಬಾಡಿ ಪ್ರಾಬ್ಲಮ್'. ಗೆದ್ದದ್ದೂ ಅದೇ. ಮುಂದಿನ ಮೂರು ವರ್ಷ, 2016ರಿಂದ 2018ರವರೆಗೆ, ಕಾದಂಬರಿ ಹ್ಯೂಗೊ ಸತತವಾಗಿ ಎನ್.ಕೆ. ಜೆಮಿಸಿನ್ ಅವರಿಗೆ ಬಂತು.

2023ರ ಹ್ಯೂಗೊ ಚೀನಾದ ಚೆಂಗ್ಡುವಿನಲ್ಲಿ ನಡೆಯಿತು. ಸಾಕಷ್ಟು ವೋಟು ಬಂದಿದ್ದರೂ ಆರ್.ಎಫ್. ಕ್ವಾಂಗ್ ಅವರ 'ಬೇಬೆಲ್' ಸೇರಿದಂತೆ ಕೆಲವನ್ನು ಅನರ್ಹ ಅಂತ ಹೊರಗಿಟ್ಟಿದ್ದು 2024ರ ಜನವರಿಯಲ್ಲಿ ಅಂಕಿಅಂಶ ಬಂದಾಗ ಗೊತ್ತಾಯಿತು. ಪ್ರಶಸ್ತಿ ನಡೆಸಿದವರೇ ಲೇಖಕರ ರಾಜಕೀಯ ಹಿನ್ನೆಲೆ ಕೆದಕಿ ಟಿಪ್ಪಣಿ ಮಾಡಿಟ್ಟಿದ್ದೂ ಆಮೇಲೆ ಬಯಲಾಯಿತು.

ಎಚ್ಚರಿಕೆ: ಈ ಜಗಳಗಳನ್ನು ಓದಿ ಬೇಕಾದ್ದು, ಬೇಡದ್ದು ಅಂತ ಪಟ್ಟಿ ಮಾಡಬೇಡಿ. ಇಂಥ ಗಲಾಟೆಯಲ್ಲಿ ಒಳ್ಳೆಯ ಪುಸ್ತಕಗಳು ಎರಡೂ ಕಡೆ ಗಾಯಗೊಂಡಿವೆ. ಕೆಟ್ಟವು ಎರಡೂ ಕಡೆ ಹಾರ ಹಾಕಿಸಿಕೊಂಡಿವೆ.

ಹಂತ 9: ಎದುರು ಪಕ್ಷದ ವಕೀಲರಾಗಿ

ಪ್ರತಿ ಜೋಡಿ ಮುಗಿದ ಮೇಲೆ ನಿಮಗೆ ಹಿಡಿಸದ ಪುಸ್ತಕದ ಪರವಾಗಿ ಅರ್ಧ ಪುಟ ಬರೆಯಿರಿ. ವ್ಯಂಗ್ಯ ಬೇಡ. ಆ ಲೇಖಕರು ಓದಿದರೆ "ಹೌದು, ನಾನು ಹೇಳಿದ್ದು ಇದೇ" ಅನ್ನುವ ಹಾಗಿರಬೇಕು. ಹಾಗೆ ಬರೆಯಲು ಆಗದಿದ್ದರೆ ಪುಸ್ತಕ ಇನ್ನೂ ಓದಿ ಆಗಿಲ್ಲ ಅಂತ ಲೆಕ್ಕ.

ಲೇಖಕರ ನಡತೆಯೋ ಮಾತೋ ನಿಮಗೆ ಸಹಿಸಲು ಆಗದಂಥದ್ದಾದರೆ ದುಡ್ಡು ಕೊಟ್ಟು ಕೊಳ್ಳಬೇಡಿ, ಲೈಬ್ರರಿಯಿಂದ ತಂದು ಓದಿ. ಓದಲೇಬೇಡ ಅನ್ನಿಸಿದರೆ ಅದೂ ಸರಿ, ಯಾರೂ ಪರೀಕ್ಷೆ ಇಡುವುದಿಲ್ಲ. ಓದದೆ ವಿಮರ್ಶೆ ಬರೆಯೋದು ಮಾತ್ರ ಬೇಡ.

ಗುಂಪಿನಲ್ಲಿ ಓದುವವರಿಗೆ ಒಂದು ಕಿವಿಮಾತು. ಚರ್ಚೆಯ ದಿನ ಸೀಟು ಅದಲುಬದಲು ಮಾಡಿ. ಹೈನ್‌ಲೈನ್ ಮೆಚ್ಚಿದವರು ಲೆ ಗ್ವಿನ್ ಪರ ಮಾತಾಡಲಿ, ಲೆ ಗ್ವಿನ್ ಮೆಚ್ಚಿದವರು ಹೈನ್‌ಲೈನ್ ಪರ. ಒಬ್ಬೊಬ್ಬರಿಗೆ ಹತ್ತು ನಿಮಿಷ, ನಡುವೆ ಬಾಯಿ ಹಾಕುವಂತಿಲ್ಲ. ಕಾಫಿ ಆಮೇಲೆ. ನಾಲ್ಕರಿಂದ ಆರು ಜನ ಸಾಕು, ಎಂಟು ದಾಟಿದರೆ ಜೋರು ಗಂಟಲಿನವರದ್ದೇ ರಾಜ್ಯವಾಗುತ್ತದೆ. ಮೊದಲ ಸಲಕ್ಕೆ ದಪ್ಪ ಪುಸ್ತಕ ಇಟ್ಟುಕೊಳ್ಳಬೇಡಿ. 'ಸುಲ್ತಾನಾಸ್ ಡ್ರೀಮ್' ಅಲ್ಲೇ ಕೂತು ಒಬ್ಬರು ಓದಿ ಹೇಳಲಿ, ಆಮೇಲೆ ನಾಲ್ಕು ಪ್ರಶ್ನೆ ಶುರು ಮಾಡಿ.